ನಾನು ಮಾಡಿಸಿದ ಮದುವೆ

ಇಂಗ್ಲೆಂಡಿನ ಹಾರ್ಬೋರ್ನ್‌ನಲ್ಲಿ ನಾನೂ ನನ್ನ ಗೆಳತಿಯೂ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಇಬ್ಬರದೂ ಆಸ್ಪತ್ರೆ ಕೆಲಸ. ಮೈಸೂರಿನ ಹುಡುಗಿ ಅವಳು. ಕೊವೆಂಟ್ರಿಯಲ್ಲಿ ಕೆಲಸಕ್ಕಿದ್ದ ಇಂಗ್ಲಿಷ್ ಎಂಜಿನಿಯರನೊಬ್ಬನನ್ನು ಮೆಚ್ಚಿಕೊಂಡಿದ್ದಳು. ಅವನಿಗೆ ಚರ್ಚ್ ಬೇಡ, ಇವಳಿಗೆ ಪುರೋಹಿತರು ಬೇಡ.

"ನೀನೇ ಮಾಡಿಸು ಕಣೇ," ಅಂದಳು.

ಅಮೆರಿಕದ ಯಾವುದೋ ವೆಬ್‌ಸೈಟು ಕೇಳಿದವರನ್ನೆಲ್ಲ ಪಾದ್ರಿ ಮಾಡುತ್ತಿತ್ತು. ಕೈಯಲ್ಲಿದ್ದ ಟೀ ಆರುವಷ್ಟರಲ್ಲಿ ನಾನೂ ಪಾದ್ರಿಯಾದೆ. ಇಲ್ಲಿನ ಕಾನೂನು ಇದನ್ನೆಲ್ಲ ಒಪ್ಪುವುದಿಲ್ಲ ಎಂದು ರಿಜಿಸ್ಟ್ರಾರ್ ನಕ್ಕರು. ಹಾಗಾಗಿ ಶುಕ್ರವಾರ ಅವರೆದುರು ಸಹಿ ಹಾಕಿ, ಶನಿವಾರ ಒಂದು ಹಾಲ್‌ನಲ್ಲಿ ನನ್ನ ಕೈಲಿ ಮದುವೆ ಮಾಡಿಸಿಕೊಂಡರು. ಅವರ ಲೆಕ್ಕದಲ್ಲಿ ಅದೇ ನಿಜವಾದ ಮದುವೆ.

ನಾನು ಬರೆದುಕೊಂಡಿದ್ದ ಮಾತುಗಳಲ್ಲಿ "ಸಾವು ಅಗಲಿಸುವ ತನಕ" ಎಂಬುದನ್ನು ಅವಳು ತೆಗೆಸಿದ್ದಳು. "ಮದುವೆ ದಿನ ಸಾವಿನ ಮಾತ್ಯಾಕೆ?" ಅದರ ಬದಲು "ಎಂದೆಂದಿಗೂ" ಅಂದೆ. ಇಬ್ಬರೂ ಹೂಂ ಅಂದರು.

ಮದುವೆಯಾದ ಮೇಲಿನ ಎರಡನೇ ಚಳಿಗಾಲ. ರಸ್ತೆಯೆಲ್ಲ ಹೆಪ್ಪುಗಟ್ಟಿದ್ದ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವನು ಮೋಟರ್‌ವೇಯಲ್ಲಿ ಕಾರು ಜಾರಿ ತೀರಿಕೊಂಡ.

ಅವಳು ಅಳಲಿಲ್ಲ. ಕೆಲವು ವಾರಗಳಾದ ಮೇಲೆ ಅವರ ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ, ತೀರಾ ಮಾಮೂಲಿಯಾಗಿ ಹೇಳಿದಳು: "ಸಾಯೋ ತನಕ ಅಂತ ನೀನು ಹೇಳಲೇ ಇಲ್ವಲ್ಲ. ಅದಕ್ಕೇ ಅವನು ಹೋಗ್ತಿಲ್ಲ."

ಜಿಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ ಕೊಟ್ಟರು, ತಗೊಂಡಳು. ಆದರೂ ಕೇಳುವುದು ಬಿಡಲಿಲ್ಲ. "ನೀನೇ ಕಟ್ಟಿದ್ದು, ನೀನೇ ಬಿಚ್ಚು."

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಒಪ್ಪಿಕೊಂಡೆ. ಅವನು ಕೂರುತ್ತಿದ್ದ ಕುರ್ಚಿಯ ಮುಂದೆ ನಿಂತಾಗ ನಾಚಿಕೆಯಾಯಿತು. "ಇನ್ನು ನೀವಿಬ್ಬರೂ ಒಬ್ಬರಿಗೊಬ್ಬರು ಕಟ್ಟುಬಿದ್ದವರಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮದುವೆ ದಿನ ಹಾಲ್‌ನಲ್ಲಿ ಬಂದಿದ್ದ ಅದೇ ದನಿ ಬಂತು, ನನಗೇ ಗಾಬರಿಯಾಯಿತು.

ಯಾರದೋ ಉತ್ತರ ಕೇಳಿಸಿಕೊಳ್ಳುವವಳ ಹಾಗೆ ಅವಳು ತಲೆ ವಾಲಿಸಿ ಕೂತಿದ್ದಳು. ಆಮೇಲೆ ಮೆಲ್ಲಗೆ ಅಂದಳು: "ಒಪ್ಪಲಿಲ್ಲ ಕಣೇ."

ಕುರ್ಚಿಯ ಕಡೆ ಮತ್ತೆ ನೋಡಲಿಲ್ಲ. ಕೋಟು ಹಾಕಿಕೊಂಡು ಹೊರಟುಬಿಟ್ಟೆ.

ಆಮೇಲೆ ಅವಳು ಲೀಡ್ಸ್‌ಗೆ ಹೋದಳು. ಕೆಲಸದಲ್ಲಿ ಒಳ್ಳೆಯ ಹೆಸರಿದೆ, ಚೆನ್ನಾಗಿ ನಗುತ್ತಾಳೆ, ಒಬ್ಬಳೇ ಇದ್ದಾಳೆ. ಫೋನಿನಲ್ಲಿ ನಾವು ಮಾತಾಡುವುದು ಕನ್ನಡವೇ. ಒಮ್ಮೊಮ್ಮೆ ಮಾತಿನ ನಡುವೆ ಫೋನನ್ನು ದೂರ ಹಿಡಿದು, "ಇದೋ, ಬಂದೆ," ಎಂದು ಇಂಗ್ಲಿಷಿನಲ್ಲಿ ಹೇಳುವುದು ಕೇಳಿಸುತ್ತದೆ.

ಯಾರಿಗೆ ಎಂದು ನಾನು ಕೇಳುವುದಿಲ್ಲ.