ಎಡಭುಜದ ಪಟಿಕಾರ

ವಾಡಿಯಲ್ಲಿ ನಮ್ಮ ಮನೆಗೆ ಬಂದವರು ಮೊದಲು ತಲೆ ಬಗ್ಗಿಸಬೇಕು. ಬಾಗಿಲ ಚೌಕಟ್ಟಿನಿಂದ ಕರಿ ದಾರದಲ್ಲಿ ಒಂದು ಲಿಂಬೆಹಣ್ಣು, ಏಳು ಮೆಣಸಿನಕಾಯಿ, ಒಂದು ಕೇರುಬೀಜ ಜೋತಾಡುತ್ತಿರುತ್ತವೆ. ಬಂದು ಕುಳಿತವರು ಎದ್ದು ಹೋದ ಮೇಲೆ ನನ್ನ ಅವ್ವ ಅಮೃತಮ್ಮ ಆ ಜಾಗದ ಮೇಲೆ ನಾಲ್ಕು ಹರಳು ಉಪ್ಪು ಎಸೆದು ಕಸಬರಿಗೆಯಿಂದ ಹೊರಗೆ ಗುಡಿಸುತ್ತಾಳೆ. ಇದು ಗೊತ್ತಿಲ್ಲದವರು ಮತ್ತೆ ಬರುತ್ತಾರೆ. ಗೊತ್ತಿದ್ದವರು ನಿಂತೇ ಮಾತಾಡಿ ಹೋಗುತ್ತಾರೆ.

ಅವ್ವ ಮೊದಲಿನಿಂದ ಹೀಗಿರಲಿಲ್ಲವಂತೆ. ಆಡಕಿಯಿಂದ ಮದುವೆಯಾಗಿ ಬಂದಾಗ ಸಂಜೆ ದೀಪ ಹಚ್ಚುವುದು, ಗುರುವಾರ ಫಕೀರ ಹಾಜಿಮಲಂಗ್ ಬಂದರೆ ಅವನ ಲೋಬಾನದ ಹೊಗೆಗೆ ತಲೆ ಕೊಡುವುದು, ಇಷ್ಟೇ ಇತ್ತು. ಆಮೇಲೆ ಅವಳ ಮೊದಲ ಗಂಡುಕೂಸು ಹನ್ನೊಂದು ತಿಂಗಳಿಗೆ ತೀರಿಕೊಂಡಿತು. ಜ್ವರ ಬಂದದ್ದು ಸೋಮವಾರ, ಹೋದದ್ದು ಗುರುವಾರ. ಅದಕ್ಕೂ ಹಿಂದಿನ ಭಾನುವಾರ ಆ ಕೂಸನ್ನು ಯಾರು ಯಾರು ಎತ್ತಿಕೊಂಡಿದ್ದರೆಂದು ಅವ್ವ ಈಗಲೂ ಹೆಸರು ಹಿಡಿದು ಹೇಳುತ್ತಾಳೆ. ಹದಿನಾಲ್ಕು ಜನ. ಅದರಲ್ಲಿ ಒಂದು ಹೆಸರು ದೊಡ್ಡವ್ವನದು.

ದೊಡ್ಡವ್ವ ಎಂದರೆ ಸಾಬಮ್ಮ, ನನ್ನ ಅಪ್ಪ ಕಾಶಪ್ಪನ ಅಣ್ಣ ಅಂಬಾರಾಯನ ಹೆಂಡತಿ. ಎರಡು ಮನೆಗೂ ಒಂದೇ ಅಂಗಳ. ಒಲೆ ಮಾತ್ರ ಬೇರೆ. ಅಣ್ಣತಮ್ಮಂದಿರು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಿದ್ದರು. ದೊಡ್ಡವ್ವನೂ ಹತ್ತು ವರ್ಷ ಅಲ್ಲಿ ಕಲ್ಲು ಹೊತ್ತಿದ್ದಾಳೆ. ಹೊತ್ತು ಹೊತ್ತು ಅವಳ ಎಡಭುಜ ದಪ್ಪಗಾಗಿ ಮೇಲೆದ್ದಿದೆ. ಸ್ಟೇಷನ್ ಕಡೆಯಿಂದ ಬರುವಾಗ ಮುಖ ಕಾಣುವ ಮೊದಲು ಭುಜ ಕಾಣುತ್ತದೆ. ಅವಳಿಗೆ ಮಕ್ಕಳಿಲ್ಲ.

ನಾನು ಬರೆಯುತ್ತಿರುವುದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ವರ್ಷ ನಡೆದದ್ದು. ಆಗ ನನಗೆ ಮೂರು ವರ್ಷ, ಏನೂ ನೆನಪಿಲ್ಲ. ಅವ್ವನನ್ನೂ ದೊಡ್ಡವ್ವನನ್ನೂ ಬೇರೆ ಬೇರೆ ಕೂಡಿಸಿ ಕೇಳಿದ್ದೇನೆ. ಇಬ್ಬರ ಮಾತು ಕೂಡಿದಲ್ಲಿ ಹಾಗೆಯೇ ಬರೆದಿದ್ದೇನೆ, ಕೂಡದಲ್ಲಿ ಯಾರು ಹೇಳಿದ್ದೆಂದು ಹೇಳಿದ್ದೇನೆ.

ಆ ವರ್ಷ ತೊಗರಿ ಕಾಯಿ ಬಲಿಯುವ ಹೊತ್ತಿಗೆ ನಾನು ಊಟ ಬಿಟ್ಟೆನಂತೆ. ಸಂಜೆ ಅವ್ವ ರೊಟ್ಟಿ ಮುರಿದು ಹಾಲಲ್ಲಿ ಕಲಸಿ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿದ್ದೆ. ಒಂದು ದಿನ, ಎರಡು ದಿನ, ಎಂಟು ದಿನ. ಅವ್ವ ನನ್ನ ಪಕ್ಕೆಲುಬು ಮುಟ್ಟಿ ನೋಡುತ್ತಿದ್ದಳು. ಮೊದಲನೆಯದು ಹೋದಂತೆ ಇದೂ ಹೋಗುತ್ತದೆ ಎಂಬ ಒಂದೇ ವಿಚಾರ ಅವಳಿಗೆ. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ, ಹೇಳಿದರೆ ಆಗಿಬಿಡುತ್ತದೆ ಎಂದು.

ಪಕ್ಕದ ಮನೆಯ ಯಂಕಮ್ಮನಿಗೆ ಮಾತ್ರ ಹೇಳಿದಳು. ಯಂಕಮ್ಮ ತನ್ನ ಗಂಡನ ಗಡ್ಡದ ಸಾಮಾನಿನ ಡಬ್ಬಿಯಿಂದ ಪಟಿಕಾರದ ತುಂಡೊಂದನ್ನು ತಂದಳು. ಕ್ಷೌರ ಆದ ಮೇಲೆ ಗಲ್ಲಕ್ಕೆ ತಿಕ್ಕುವ ಬಿಳಿ ಹರಳು ಅದು.

"ಉಪ್ಪು ಮೆಣಸಿನಕಾಯಿ ಕಣ್ಣು ತೆಗಿತಾವ, ಖರೆ. ಯಾರ ಕಣ್ಣಂತ ಹೇಳಂಗಿಲ್ಲ. ಇದು ಹೇಳ್ತದ," ಎಂದಳು.

ಕೂಸಿನ ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿಸಿ, ಹರಕು ತವೆಯ ಮೇಲೆ ಇಟ್ಟು ಕೆಂಡದ ಮೇಲೆ ಕಾಸಬೇಕು. ಪಟಿಕಾರ ಮೊದಲು ಕರಗುತ್ತದೆ, ಕುದಿಯುತ್ತದೆ, ಆಮೇಲೆ ಉಬ್ಬಿ ಗಟ್ಟಿಯಾಗಿ ಒಂದು ಆಕಾರಕ್ಕೆ ನಿಲ್ಲುತ್ತದೆ. ಯಾರ ಕಣ್ಣು ತಾಗಿದೆಯೋ ಅವರ ಆಕಾರ. ಅಡುಗೆ ಒಲೆಯ ಮೇಲೆ ಇದನ್ನು ಮಾಡಬಾರದು. ಅದಕ್ಕೇ ಅವ್ವ ಒಂದು ಸಣ್ಣ ಸಿಗಡಿಗೆ, ಎತ್ತಿ ಇಡುವಂಥ ಕಬ್ಬಿಣದ ಒಲೆಗೆ, ಕೆಂಡ ಹಾಕಿ ಅಡುಗೆಮನೆಯ ಮೂಲೆಯ ಫರಸಿಯ ಮೇಲೆ ಇಟ್ಟಳು. ಆ ಮೂಲೆ ಹಿಂದೆ ಬಚ್ಚಲಾಗಿತ್ತು. ಒಲೆ ಬೇರೆಯಾದಾಗ ಬಚ್ಚಲನ್ನು ಹಿತ್ತಿಲಿಗೆ ಹಾಕಿ ಇದನ್ನು ಅಡುಗೆಮನೆಗೆ ಸೇರಿಸಿಕೊಂಡಿದ್ದರು.

ಅದು ಭಾನುವಾರ, ಹೊತ್ತು ಇನ್ನೂ ಮುಳುಗಿರಲಿಲ್ಲ. ಅವ್ವ ಪೂರ್ವಕ್ಕೆ ಮುಖ ಮಾಡಿ ಕುಳಿತಿದ್ದಳು. ಪಟಿಕಾರ ಕರಗಿತು, ಉಬ್ಬಿತು. ನಡುವೆ ಸಣ್ಣದೊಂದು ತಲೆ. ಬಲಗಡೆ ಇಳಿಜಾರು. ಎಡಗಡೆ ದೊಡ್ಡ ಗಂಟು.

ಅವ್ವ ತವೆಯನ್ನು ಕೆಂಡದಿಂದ ಇಳಿಸಿದಳು.

"ನಾ ಏನೂ ಅನ್ನಂಗಿಲ್ಲವ್ವ," ಎಂದಳು ಯಂಕಮ್ಮ. "ನಿನಗೂ ಕಣ್ಣವ."

ಅವ್ವ ಆ ಹೊತ್ತಿನಿಂದ ನೋಡತೊಡಗಿದಳು. ದೊಡ್ಡವ್ವ ನನ್ನನ್ನು ಎತ್ತಿಕೊಳ್ಳುವಾಗ ಯಾವ ಕೈ ಮುಂದೆ ಮಾಡುತ್ತಾಳೆ, ನನ್ನ ತಲೆ ನೇವರಿಸಿದ ಮೇಲೆ ಆ ಕೈ ಎಲ್ಲಿಗೆ ಹೋಗುತ್ತದೆ, ನನ್ನನ್ನು ಬಂಗಾರ ಎಂದಾಗ ಥೂ ಎಂದು ಉಗುಳುತ್ತಾಳೋ ಇಲ್ಲವೋ. ಒಂದು ದಿನ ನಾನು ದೊಡ್ಡವ್ವನ ಮನೆಯಿಂದ ಓಡಿ ಬಂದಾಗ ಅವ್ವ ನನ್ನ ಬಾಯಿ ಮೂಸಿದಳಂತೆ. ಬೆಲ್ಲದ ವಾಸನೆ ಬಂದಿತ್ತು. ಮೊದಲ ಕೂಸು ಹೋದದ್ದರಿಂದ, ತನ್ನ ಕೈಯಿಂದಲ್ಲದೆ ಯಾರೂ ನನಗೆ ತಿನ್ನಿಸಬಾರದೆಂದು ಅವ್ವ ಎಲ್ಲರಿಗೂ ಹೇಳಿಟ್ಟಿದ್ದಳು.

"ಅಕ್ಕಾ, ಕೂಸಿಗಿ ಏನರ ತಿನ್ಸಿಯೇನು?"

"ನಾ ಯಾಕ ತಿನ್ಸಲಿ? ನೀ ಬ್ಯಾಡ ಅಂದೀಯಲ್ಲ," ಎಂದಳು ದೊಡ್ಡವ್ವ, ಹಿಟ್ಟು ಕೊಡವುತ್ತ.

ಸುಳ್ಳೆಂದು ಅವ್ವನಿಗೆ ಗೊತ್ತಾಯಿತು. ಸುಳ್ಳು ಹೇಳುವವಳು ಮತ್ತೇನೇನು ಮಾಡುತ್ತಾಳೆ ಎಂಬುದು ಅವತ್ತಿನಿಂದ ಅವಳ ತಲೆಯಲ್ಲಿ ಕೂತಿತು.

ಯಂಕಮ್ಮ ಹೇಳಿದ ಪರಿಹಾರ ಹೀಗಿತ್ತು. ಐದು ಭಾನುವಾರ ಪಟಿಕಾರ ಇಳಿಸಬೇಕು, ಎರಡನೆಯ ವಾರದಿಂದ ಆ ಹೆಂಗಸಿನ ಸೀರೆಯ ಎಳೆಯೊಂದನ್ನು ಅವಳಿಗೆ ಗೊತ್ತಿಲ್ಲದೆ ತಂದು ಜೊತೆಗೆ ಸುಡಬೇಕು. ಅವ್ವ ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದ ದೊಡ್ಡವ್ವನ ಹಸಿರು ಸೀರೆಯ ಅಂಚಿನಿಂದ ಎಳೆ ಜಗ್ಗಿದಳು. ನನ್ನನ್ನು ಆ ಮನೆಯ ಹೊಸ್ತಿಲು ತುಳಿಯಲು ಬಿಡಲಿಲ್ಲ. ನಾನು ಅತ್ತರೆ ಒಳಗೆ ಹಾಕಿ ಬಾಗಿಲ ಅಗಳಿ ಹಾಕುತ್ತಿದ್ದಳು.

ನಾಲ್ಕೇ ದಿನದಲ್ಲಿ ನಾನು ಸಂಜೆ ರೊಟ್ಟಿ ತಿನ್ನತೊಡಗಿದೆ. ಒಂದಲ್ಲ, ಒಂದೂವರೆ. ಅವ್ವನಿಗೆ ಇನ್ನೇನು ಬೇಕು. ಪಟಿಕಾರ ಹೇಳಿದ್ದು ನಿಜವಾಯಿತು. ಎರಡನೆಯ ಭಾನುವಾರವೂ ಎಡಭುಜ, ಮೂರನೆಯದಕ್ಕೂ ಎಡಭುಜ.

ಅಪ್ಪನಿಗೆ ಅವ್ವ ಹೇಳಿದ್ದು ಒಂದೇ ಮಾತು. "ಅಂಗಳದಾಗ ಗ್ವಾಡಿ ಹಾಕ್ರಿ."

"ಅಣ್ಣಗ ಏನಂತ ಹೇಳ್ಲಿ?"

"ಏನರ ಹೇಳ್ರಿ. ನನ್ನ ಕೂಸು ಬದುಕಬೇಕು."

ಅಪ್ಪ ಹೆಚ್ಚು ಮಾತಿನವನಲ್ಲ. ಖಣಿಯಿಂದ ಎಂಟು ಉದ್ದನೆಯ ಫರಸಿ ತಂದು ಮನೆಯ ಗೋಡೆಗೆ ಒರಗಿಸಿದ. ನಮ್ಮಲ್ಲಿ ಅಂಥ ಕಲ್ಲುಗಳನ್ನು ನೆಲದಲ್ಲಿ ಸಾಲಾಗಿ ಹುಗಿದು ನಿಲ್ಲಿಸಿದರೆ ಅದೇ ಗೋಡೆ. ಒಂದೇ ದಿನದ ಕೆಲಸ. ದೊಡ್ಡಪ್ಪ ಅಂಬಾರಾಯ ಬಂದು ಕಲ್ಲಿನ ಮೇಲೆ ಕೈಯಾಡಿಸಿ, "ಚಲೋ ಮಾಲು ತಂದೀ ತಮ್ಮಾ. ಯಾವ ಕಡಿ ನಮ್ಮದು, ಯಾವ ಕಡಿ ನಿಮ್ಮದು?" ಎಂದನಂತೆ. ಅಪ್ಪ ಒಂದು ಕಲ್ಲನ್ನು ಸರಿಮಾಡಿ ನಿಲ್ಲಿಸಿದ. ಮರುದಿನ ದೊಡ್ಡವ್ವ ತೊಗರಿ ಕೊಯ್ಲಿಗೆಂದು ಹೇಳಿ ತವರಿಗೆ, ಚಿಮ್ಮನಚೋಡಕ್ಕೆ ಹೋದಳು. ಹೋಗುವಾಗ ಟ್ರಂಕೂ ಒಯ್ದಳು. ಕೊಯ್ಲಿಗೆ ಹೋಗುವವರು ಟ್ರಂಕು ಒಯ್ಯುವುದಿಲ್ಲ.

ನಾಲ್ಕನೆಯ ಭಾನುವಾರ ಅವ್ವ ಕೊನೆಯದಾಗಿ ಜಗ್ಗಿಟ್ಟುಕೊಂಡಿದ್ದ ಎಳೆ ಹಾಕಿ ಪಟಿಕಾರ ಕಾಸಿದಳು. ಮತ್ತೆ ಎಡಭುಜ.

"ಆಕಿ ಊರಾಗೇ ಇಲ್ಲ," ಎಂದಳು ಅವ್ವ.

"ಕಣ್ಣಿಗೇನು ಬಸ್ಸಿನ ಟಿಕೀಟು ಬೇಕೇನು?" ಎಂದಳು ಯಂಕಮ್ಮ.

ಅವ್ವ ನಕ್ಕಳಂತೆ. ಆದರೆ ಅವಳೊಳಗೆ ಬೇರೆ ಸಂಶಯ ಶುರುವಾಯಿತು. ಯಂಕಮ್ಮ ಇಷ್ಟು ಖಾತ್ರಿಯಿಂದ ಹೇಳುತ್ತಾಳೆ, ಯಾಕೆ? ಪಟಿಕಾರ ತಂದವಳು ಅವಳೇ. ಐದನೆಯ ಭಾನುವಾರ ಅವ್ವ ಯಂಕಮ್ಮನನ್ನು ಕರೆಯಲಿಲ್ಲ. ಪಟಿಕಾರವನ್ನೂ ಬೇರೆ ಅಂಗಡಿಯಿಂದ ತಂದಳು.

ಅವತ್ತು ಕೊನೆಯ ವಾರವಾದ್ದರಿಂದ ಲಿಂಬೆಹಣ್ಣೂ ಬೇಕಿತ್ತು. ಅವ್ವ ಸಿಗಡಿ ಇಟ್ಟು, ಅದರ ಮುಂದೆ ಫರಸಿಯ ಮೇಲೆ ಲಿಂಬೆಹಣ್ಣು ಇಟ್ಟು, ನನ್ನನ್ನು ಎಳೆದು ಕೂರಿಸಿದಳು. ಲಿಂಬೆಹಣ್ಣು ಮೆಲ್ಲಗೆ ಉರುಳಿ ಎಡಗಡೆ ಗೋಡೆಗೆ ಹೋಗಿ ನಿಂತಿತು. ಎತ್ತಿ ತಂದು ಮತ್ತೆ ಇಟ್ಟಳು. ಮತ್ತೆ ಅಲ್ಲಿಗೇ ಉರುಳಿತು. ಮೂರನೆಯ ಸಲ ಅದು ನಿಂತ ಜಾಗವನ್ನು ಬಗ್ಗಿ ನೋಡಿದಳು. ಹಳೆಯ ಬಚ್ಚಲಿನ ತೂತು ಅಲ್ಲೇ ಇತ್ತು, ಬಟ್ಟೆ ತುರುಕಿ ಮುಚ್ಚಿದ್ದು. ನೀರು ಹರಿದು ಹೋಗಲೆಂದು ಆ ಫರಸಿಯನ್ನು ವಾಟ ಮಾಡಿ, ತೂತಿನ ಕಡೆಗೆ ಇಳಿಜಾರಾಗಿ, ಕೂರಿಸಿದ್ದವನು ದೊಡ್ಡಪ್ಪ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವ್ವ ಅದೇ ಕಲ್ಲಿನ ಮೇಲೆ ಎರಡು ವರ್ಷ ಸ್ನಾನ ಮಾಡಿದ್ದಳು.

ಅವ್ವ ಎದ್ದು ಸಿಗಡಿಯ ಇನ್ನೊಂದು ಮಗ್ಗುಲಿಗೆ ಹೋಗಿ ಪಶ್ಚಿಮಕ್ಕೆ ಮುಖ ಮಾಡಿ ಕುಳಿತಳು. ಪಟಿಕಾರ ಕಾಸಿದಳು. ಈ ಸಲ ಗಂಟು ಬಲಗಡೆ ಬಂತು, ಆ ತೂತಿನ ಕಡೆಗೇ. ಒಂದು ಗಳಿಗೆ ಅವಳಿಗೆ ಅಪ್ಪನ ಬಲಭುಜ ನೆನಪಾಯಿತಂತೆ, ಅಪ್ಪ ಕಲ್ಲು ಹೊರುವುದು ಆ ಕಡೆ. ಆಮೇಲೆ ಸಿಗಡಿಯನ್ನು ಎತ್ತಿಕೊಂಡು ಅಂಗಳಕ್ಕೆ ಬಂದು, ಮಟ್ಟಸವಾದ ಕಟ್ಟೆಯ ಮೇಲೆ ಇಟ್ಟು, ಉಳಿದ ತುಂಡು ಹಾಕಿದಳು. ಅದು ಎಲ್ಲ ಕಡೆಗೂ ಒಂದೇ ಸಮ ಉಬ್ಬಿತು, ಪೂರಿಯ ಹಾಗೆ. ಯಾರ ಭುಜವೂ ಇರಲಿಲ್ಲ.

ಗೋಡೆಗೆ ಒರಗಿದ ಎಂಟು ಕಲ್ಲು ಎದುರಿಗೇ ಇದ್ದವು. ಮರುದಿನ ಹುಗಿಯಲು ಅಪ್ಪ ಗುಂಡಿ ತೋಡಿ ಇಟ್ಟಿದ್ದ.

"ನಾಳಿಗಿ ಬ್ಯಾಡ್ರಿ," ಎಂದಳು ಅವ್ವ, ಅಪ್ಪ ಬಂದ ಕೂಡಲೆ.

"ನೀನೇ ಅಂದಿದ್ದಿ."

"ಈಗೂ ನಾನೇ ಅನ್ನಾಕತ್ತೀನಿ. ಜರಾ ತಡೀರಿ."

ಯಾಕೆಂದು ಹೇಳಲಿಲ್ಲ. ಹೇಳಲು ನಾಚಿಕೆ. ಬೆಳಿಗ್ಗೆ ನನ್ನನ್ನು ಎತ್ತಿಕೊಂಡು ರೈಲಿನಲ್ಲಿ ಚಿತ್ತಾಪುರ ದಾಟಿ ಸೇಡಂಗೆ, ಅಲ್ಲಿಂದ ಬಸ್ಸಿನಲ್ಲಿ ಚಿಂಚೋಳಿಗೆ, ಮತ್ತೊಂದು ಬಸ್ಸು ಹಿಡಿದು ಚಿಮ್ಮನಚೋಡಕ್ಕೆ ಹೋದಳು. ದಾರಿಯುದ್ದಕ್ಕೂ ಅವಳಿಗೆ ಒಂದು ವಿಚಾರ ಬಿಡಲಿಲ್ಲವಂತೆ. ಪಟಿಕಾರ ಸುಳ್ಳಾಯಿತು, ಸರಿ. ಆದರೆ ದೊಡ್ಡವ್ವನನ್ನು ಬಿಟ್ಟ ಮೇಲೆ ಕೂಸು ಉಂಡದ್ದು ಸುಳ್ಳಲ್ಲವಲ್ಲ.

ದೊಡ್ಡವ್ವ ತವರಿನ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಅದೇ ಹಸಿರು ಸೀರೆ. ನಾನು ಇಳಿದು ಓಡಲು ನೋಡಿದೆ. ಅವ್ವನ ಕೈ ತಾನಾಗಿಯೇ ನನ್ನ ಅಂಗಿ ಹಿಡಿಯಿತು.

"ಹಿಡ್ಕೋ, ಹಿಡ್ಕೋ," ಎಂದಳು ದೊಡ್ಡವ್ವ ತಲೆ ಎತ್ತದೆ. "ನಾ ಮುಟ್ಟಂಗಿಲ್ಲ. ಎಳಿ ಬೇಕಾಗಿತ್ತೇನು? ಬಾ, ತಗೋ. ಮೂರು ಹ್ವಾದವು. ಅಂಚು ಬಿಚ್ಚಲಿಕತ್ತದ."

ಅವ್ವ ಅಲ್ಲೇ ನಿಂತಳು. "ನಿನಗ ಗೊತ್ತಿತ್ತೇನು?"

"ಸೀರಿ ಒಗಿಯಾಕಿ ನಾನು, ಉಡಾಕಿ ನಾನು. ಗೊತ್ತಾಗಂಗಿಲ್ಲೇನು? ನಿನ್ನ ಮನ್ಯಾಗಿಂದ ಪಟಿಕಾರದ ವಾಸ್ನಿ ಬೇರೆ."

"ಮತ್ತ ಯಾಕ ಸುಮ್ಮಿದ್ದಿ?"

ದೊಡ್ಡವ್ವ ಮೊರವನ್ನು ಕೆಳಗಿಟ್ಟಳು. "ನಾ ತಿನ್ಸಿದ್ದು ಖರೆ ಅದ, ಅದಕ್ಕ. ಒಂದೊಂದು ರೊಟ್ಟಿ, ಬೆಲ್ಲ ತುಪ್ಪ ಹಚ್ಚಿ. ದಿನಾ. ಹೊಟ್ಟಿ ತುಂಬಿ ಬರ್ತಿತ್ತು, ನಿನ್ನ ಮನ್ಯಾಗ ಹೆಂಗ ಉಣ್ತದ? ಹೇಳಿದ್ರ ಕೂಸಿಗಿ ಬರಗೊಡಂಗಿಲ್ಲ ಅಂತ ಅಂಜಿ ಸುಳ್ಳು ಹೇಳಿದೆ. ಹೇಳ್ಲಿಲ್ಲಂದ್ರೂ ನೀ ಬರಗೊಡಲಿಲ್ಲ."

ಅವ್ವನಿಗೆ ಸಿಟ್ಟು ಬಂತು, ಅದೇ ಗಳಿಗೆಗೆ ಜೀವವೂ ನಿರಾಳವಾಯಿತು. ಆಗ ತಾನು ಅತ್ತೆನೆಂದು ಅವ್ವ ಹೇಳುತ್ತಾಳೆ. ಅತ್ತಿಲ್ಲ, ಬೈದಳು ಎಂದು ದೊಡ್ಡವ್ವ ಹೇಳುತ್ತಾಳೆ. ನನ್ನ ಅಂಗಿ ಬಿಟ್ಟದ್ದನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ. ಆಮೇಲೆ ಅವ್ವ ಮೂಲೆಯ ಫರಸಿಯ ವಾಟದ ಸಂಗತಿ ಹೇಳಿದಳು. ದೊಡ್ಡವ್ವ ತನ್ನ ಎಡಭುಜವನ್ನೊಮ್ಮೆ ನೋಡಿಕೊಂಡಳು.

"ನಿಮ್ಮ ಭಾವ ಕೂಡಿಸಿದ ಕಲ್ಲು ಅದು. ಆತನ ಮ್ಯಾಲ ಬರ್ಬೇಕಿತ್ತು, ನನ್ನ ಮ್ಯಾಲ ಬಂತು."

ಎರಡು ದಿನ ಬಿಟ್ಟು ಟ್ರಂಕಿನ ಸಮೇತ ಇಬ್ಬರೂ ವಾಡಿಗೆ ಬಂದರು. ಅಪ್ಪ ಗುಂಡಿ ಮುಚ್ಚಿದ.

ಅವ್ವ ಪಟಿಕಾರ ಬಿಟ್ಟಿಲ್ಲ. ಈಗಲೂ ಮನೆಯಲ್ಲಿ ಯಾರಿಗಾದರೂ ಮೈ ಬೆಚ್ಚಗಾದರೆ ಸಿಗಡಿ ತರುತ್ತಾಳೆ. ಮೊದಲು ಕಟ್ಟೆಯ ಮೇಲೆ ತಾಟಿನಲ್ಲಿ ನೀರು ಹಾಕಿಟ್ಟು, ನೀರು ನಾಲ್ಕು ಅಂಚಿಗೂ ಒಂದೇ ಸಮ ನಿಂತಿದೆಯೇ ಎಂದು ನೋಡುತ್ತಾಳೆ. ಆಮೇಲೆ ದೊಡ್ಡವ್ವನನ್ನು ಕರೆದು, "ನೀನೇ ಇಳಿಸು" ಎನ್ನುತ್ತಾಳೆ. ದೊಡ್ಡವ್ವ ಇಳಿಸುವಾಗ ಅವ್ವ ಅವಳ ಬೆರಳುಗಳನ್ನೇ ನೋಡುತ್ತಿರುತ್ತಾಳೆ. ದೊಡ್ಡವ್ವನಿಗೂ ಅದು ಗೊತ್ತು. ಸೀರೆಯನ್ನು ಅವಳು ಈಗ ತನ್ನ ಮನೆಯೊಳಗೇ ಒಣಹಾಕುತ್ತಾಳೆ.

ಆ ಎಂಟು ಕಲ್ಲು ಇನ್ನೂ ಗೋಡೆಗೆ ಒರಗಿಯೇ ಇವೆ. ಯಾರಿಗಾದರೂ ಕೊಟ್ಟುಬಿಡೋಣವೇ ಎಂದು ಅಪ್ಪ ಪ್ರತಿ ಬೇಸಿಗೆಯಲ್ಲಿ ಕೇಳುತ್ತಾನೆ. "ಇರ್ಲಿ ಬಿಡ್ರಿ," ಎನ್ನುತ್ತಾಳೆ ಅವ್ವ. ಬಿಸಿಲು ಚೆನ್ನಾಗಿ ಕಾದ ದಿನ ದೊಡ್ಡವ್ವ ಅವುಗಳಲ್ಲಿ ಎರಡನ್ನು ಮಲಗಿಸಿ ಮೇಲೆ ಶಂಡಿಗೆ ಹಾಕುತ್ತಾಳೆ. ಸಂಜೆ ಅವ್ವ ಅವನ್ನು ಎತ್ತಿಸಿ ಮತ್ತೆ ಅದೇ ಜಾಗಕ್ಕೆ ಒರಗಿಸುತ್ತಾಳೆ.