ಹಸಿರು ಕಣದ ಬಾವುಟ

ಹರಳೆಣ್ಣೆಯ ವಾಸನೆಗೆ ನಿಮಗೆ ಅಜ್ಜಿಯ ಕೈ, ಎಣ್ಣೆಸ್ನಾನ ನೆನಪಾಗಬಹುದು. ನನಗೆ ರೈಲು ನೆನಪಾಗುತ್ತದೆ. ಇವತ್ತು ಬೆಳಗ್ಗೆ ನಾಗಮಂಗಲದ ಪೇಟೆಯಲ್ಲಿ ಕಾಲು ಲೀಟರು ಕೊಂಡಾಗ ಅಂಗಡಿಯವನು ನನ್ನ ಬೋಳುತಲೆಯನ್ನು ಕನಿಕರದಿಂದ ನೋಡಿದ. ತಲೆಗಲ್ಲಪ್ಪ, ಇಂಜಿನ್ನಿಗೆ ಎಂದರೆ ಕನಿಕರ ಇನ್ನೂ ಹೆಚ್ಚೀತೆಂದು ಸುಮ್ಮನೆ ಬಂದೆ.

ಪಾಂಡವಪುರದ ನನ್ನ ಸೋದರಮಾವ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದವರು. ನಿವೃತ್ತರಾದ ಮೇಲೆ ತಾಮ್ರದ ಕೊಳವೆಯಿಂದ ಬಾಯ್ಲರು ಮಾಡಿ, ಲೇತಿನಲ್ಲಿ ಗಾಲಿ ಕಡೆದು, ಮೊಣಕಾಲೆತ್ತರದ ಉಗಿ ಇಂಜಿನ್ನೊಂದನ್ನು ಕಟ್ಟಿದರು. ಹಿತ್ತಲಿನ ತುಳಸಿಕಟ್ಟೆಯಿಂದ ಹೊರಟ ಪುಟ್ಟ ರೈಲುಕಂಬಿ ತೆಂಗಿನ ಮರಗಳನ್ನು ಸುತ್ತಿ, ಒಗೆಯುವ ಕಲ್ಲನ್ನು ಹಾದು ಮತ್ತೆ ತುಳಸಿಕಟ್ಟೆಗೇ ಬರುತ್ತಿತ್ತು. ಒಲೆಗೆ ತೆಂಗಿನ ಚಿಪ್ಪಿನ ಇದ್ದಿಲು, ಸಿಲಿಂಡರು ಸವೆಯದಿರಲು ಹರಳೆಣ್ಣೆ. ಬೋರಿನ ನೀರಾದರೆ ಉಪ್ಪು ಕಟ್ಟುತ್ತದೆಂದು ಮಳೆನೀರನ್ನು ಹಂಡೆಯಲ್ಲಿ ಹಿಡಿದಿಟ್ಟು ಸೋಸುತ್ತಿದ್ದರು. ಕುಡಿಯುವ ನೀರಿಗೂ ಆ ಮನೆಯಲ್ಲಿ ಅಷ್ಟು ಮಡಿ ಇರಲಿಲ್ಲ.

ಆದರೆ ಹಬೆ ಎಷ್ಟೇ ಏರಿರಲಿ, ಒಬ್ಬರು ಎದುರು ನಿಂತು ಹಸಿರು ಬಾವುಟ ತೋರಿಸದೆ ಮಾವ ಗಾಡಿ ಬಿಡುತ್ತಿರಲಿಲ್ಲ. ಅತ್ತೆ ಯಾರದೋ ಮನೆಯ ಅರಿಶಿನ ಕುಂಕುಮದಲ್ಲಿ ಬಂದ ಹಸಿರು ರವಿಕೆ ಕಣವನ್ನು ಹಿಡಿದು ಅಡುಗೆಮನೆಯಿಂದ ಓಡಿಬರುತ್ತಿದ್ದರು.

"ಸಾರು ಉಕ್ತಾ ಅದೆ, ಬ್ಯಾಗ ಓಗಿ," ಎಂದು ಬೀಸುತ್ತಿದ್ದರು. ಇಂಜಿನ್ನಿನ ಹಿಂದಿನ ಗಾಲಿಹಲಗೆಯ ಮೇಲೆ ಕೂತ ಮಾವ ಗಂಭೀರವಾಗಿ ಕೈಯೆತ್ತಿ, ಎರಡು ನಿಮಿಷದ ಪ್ರಯಾಣಕ್ಕೆ ಹೊರಡುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ ಇಂಜಿನ್ನು ನಿಂತಿತು. ಕೆಲವು ತಿಂಗಳ ನಂತರ ಮಾವ ಫೋನು ಮಾಡಿದರು.

"ಭಾನ್ವಾರ ಬತ್ತೀಯೇನ್ಲಾ, ಬಾವುಟ ತೋರ್ಸಕ್ಕೆ?"

"ಒಬ್ರೇ ಓಡುಸ್ಕೊಳಿ ಮಾವ. ಯಾರು ನೋಡ್ತಾರೆ?"

"ಯಾರೂ ನೋಡಕ್ಕಿಲ್ಲ ಕಣ್ಲಾ. ಅದ್ಕೇ ಕರೀತಾವ್ನಿ."

ನಾನು ನಕ್ಕೆ. ಮುಂದಿನ ವಾರ ಎಂದೆ. ಆ ಮುಂದಿನ ವಾರವನ್ನು ನಾಲ್ಕು ಸಲ ಮುಂದೂಡಿದೆ. ಕೆಲಸವೇನೂ ಇರಲಿಲ್ಲ, ನಂಬಿ, ಮಧ್ಯಾಹ್ನದ ನಿದ್ದೆ ಇತ್ತು. ಕೊನೆಗೆ ಹೋದದ್ದು ಅವರ ತಿಥಿಗೆ. ಹಿತ್ತಲಲ್ಲಿ ನೋಡಿದರೆ ಇಂಜಿನ್ನಿನ ಒಲೆಯಲ್ಲಿ ಇದ್ದಿಲು ಒಪ್ಪವಾಗಿ ಜೋಡಿಸಿತ್ತು, ಹಚ್ಚಿರಲಿಲ್ಲ. ಪಕ್ಕದಲ್ಲಿ ಬೆಂಕಿಪೊಟ್ಟಣ. ತುಳಸಿಕಟ್ಟೆಯ ಮೇಲೆ ಮಡಿಸಿದ ಹಸಿರು ಕಣ, ಹಾರಿಹೋಗದಂತೆ ಅದರ ಮೇಲೊಂದು ಕಲ್ಲು. ನಾಚಿಕೆಯಿಂದ ಅಲ್ಲೇ ಕೂತುಬಿಟ್ಟೆ.

ಮಕ್ಕಳಿಲ್ಲದ ಮನೆ, ಇಂಜಿನ್ನೂ ಕಣವೂ ನನ್ನ ಪಾಲಿಗೆ ಬಂದವು. ನಾನೂ ಒಂಟಿ ಜೀವ. ನಾಗಮಂಗಲದ ನನ್ನ ಹಿತ್ತಲಲ್ಲಿ ವರ್ಷವಿಡೀ ಕಂಬಿ ಹಾಸಿದೆ; ಅದು ಕುಂಬಳಬಳ್ಳಿಯ ಹಾಗೆ ತನಗೆ ಬೇಕಾದ ಕಡೆ ಹೋಗಿದೆ. ಇವತ್ತು ಸಂಜೆ ಎಣ್ಣೆ ಬಿಟ್ಟು, ಮಳೆನೀರು ತುಂಬಿ, ಇದ್ದಿಲು ಹಚ್ಚಿದೆ. ಹಬೆಯ ಒತ್ತಡ ತೋರಿಸುವ ಮುಳ್ಳು ಗುರುತಿಗೆ ಬಂತು. ಹಲಗೆಯ ಮೇಲೆ ಕೂತೆ. ಎದುರಿಗೆ ಯಾರೂ ಇರಲಿಲ್ಲ. ಗಾಡಿ ಬಿಡಲು ಕೈ ಏಳಲಿಲ್ಲ.

ಕಾಂಪೌಂಡಿನಾಚೆ ಪಕ್ಕದ ಮನೆಯ ಯಜಮಾನರು ಮೆಣಸಿನ ಗಿಡಗಳಿಗೆ ನೀರು ಬಿಡುತ್ತಿದ್ದರು. ಆರು ವರ್ಷದಲ್ಲಿ ನಾವು ಆಡಿರುವುದು ನೀರು ಬಂತಾ, ಕರೆಂಟು ಹೋಯ್ತಾ, ಇಷ್ಟೇ. ಹಸಿರು ಕಣ ಹಿಡಿದು ಗೋಡೆಯವರೆಗೆ ಹೋಗುವಷ್ಟರಲ್ಲಿ ಎರಡು ಸಲ ವಾಪಸು ತಿರುಗಿದೆ. ಆ ಫೋನು ಮಾಡುವ ಮುಂಚೆ ಮಾವ ಎಷ್ಟು ಸಲ ತಿರುಗಿದ್ದರೋ.

"ಐದ್ ನಿಮ್ಷ ಬತ್ತೀರಾ? ಈ ಬಟ್ಟೆ ಬೀಸ್ಬೇಕಿತ್ತು, ಅಷ್ಟೇ."

ಅವರು ಇಂಜಿನ್ನನ್ನು ನೋಡಿದರು, ನನ್ನನ್ನು ನೋಡಿದರು. "ಒಬ್ರೇ ಓಡುಸ್ಕೊಳಾಕೆ ಆಗಕಿಲ್ವ?"

"ಇಲ್ಲ," ಎಂದೆ. "ಆಗಕಿಲ್ಲ."

ಅವರು ಪೈಪನ್ನು ಪಾತಿಯಲ್ಲೇ ಬಿಟ್ಟು, ಕೈ ಒರೆಸಿಕೊಳ್ಳುತ್ತಾ ನಮ್ಮ ಗೇಟಿನ ಕಡೆ ಬಂದರು.