ಕತ್ತರಿಸಿ ಹೋದ ಕೆಮ್ಮು

ಧ್ವನಿಮುದ್ರಣದ ಅಂಗಡಿಯವನು ನಮ್ಮ ಕಿವಿಯಕ್ಕನಿಗೆ ಎರಡು ತಿಂಗಳ ಸಂಬಳ ಬಾಕಿ ಇಟ್ಟಿದ್ದಾನೆ. ಕಳ್ಳಿಗೆ ಎಂಥ ಸಂಬಳ ಎನ್ನುತ್ತಾನೆ. ಅವಳು ಕದ್ದದ್ದೇನು ಎಂದು ಕೇಳಿ.

ಹದಿನೆಂಟು ವರ್ಷ ಅವಳು ಊರವರ ದನಿ ಮುದ್ರಿಸಿ, ಕಿವಿಗೊಟ್ಟು ತಿದ್ದುತ್ತ ಕೂತದ್ದು ಮೆಟ್ಟಿಲ ಕೆಳಗಿನ ಒಂದೇ ಕೋಣೆಯಲ್ಲಿ. ಸದ್ದು ಹೀರಲು ಗೋಡೆಗೆ ಹಳೇ ಕಂಬಳಿ, ಕಂಪ್ಯೂಟರಿನಲ್ಲಿ ಹಳೇ ಸಾಫ್ಟ್‌ವೇರ್. ಅದರಲ್ಲಿ ಬೇಡದ್ದನ್ನು ಕತ್ತರಿಸಿ ಸೇವ್ ಒತ್ತಿದರೆ ಮುಗಿಯಿತು. ತಲೆಕೆಳಗಾಗಿ ನಿಂತರೂ ಕತ್ತರಿಸಿದ್ದು ವಾಪಸ್ ಬಾರದು. ಅದಕ್ಕೇ ಅವಳದೊಂದು ಪದ್ಧತಿ: ಮೊದಲು ನಕಲು, ಆಮೇಲೆ ಕತ್ತರಿ. ನಕಲೆಲ್ಲ ‘ಹಸಿ’ ಎಂಬ ಫೋಲ್ಡರಿಗೆ.

ಕಳೆದ ವರ್ಷ ಮಾಲೀಕನ ಅಳಿಯ ತನ್ನ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿದ. ಅದರಲ್ಲಿ ಎಷ್ಟು ಕತ್ತರಿಸಿದರೂ ಮೂಲ ಹಾಗೇ ಉಳಿಯುತ್ತದೆ.

“ಅಕ್ಕಾ, ಎತ್ತಿನಗಾಡಿ ಇನ್ನೂ ಬಿಡ್ಲಿಲ್ವಲ್ಲ. ಇದ್ರಲ್ಲಿ ಮೂವತ್ತು ಜನರ ಹಾಡು ಒಟ್ಟಿಗೆ ಕೂರಿಸ್ಬಹುದು.”

“ನನ್ಹತ್ರ ಬರೋದು ಒಬ್ಬ ಮನುಷ್ಯ, ಒಂದು ಬಾಯಿ. ನಿನ್ನ ಕಾರು ಸ್ಟಾರ್ಟ್ ಆಗೋ ಹೊತ್ತಿಗೆ ನನ್ನ ಗಾಡಿ ಮನೆ ಸೇರಿರುತ್ತಪ್ಪ.”

ಆ ಕೋಣೆಯಲ್ಲೇ ನಾವು ಕಾರ್ಮಿಕ ಸಂಘದವರು ಸಿಮೆಂಟ್ ಗೋದಾಮಿನ ಮೇಸ್ತ್ರಿಯ ಹೇಳಿಕೆ ಮುದ್ರಿಸಿದ್ದು. ಧೂಳು ಕುಡಿದು ಅವನ ಶ್ವಾಸಕೋಶ ಹೋಗಿತ್ತು. ನಲವತ್ತು ನಿಮಿಷ, ಮಾತಿಗಿಂತ ಕೆಮ್ಮೇ ಹೆಚ್ಚು. ಎರಡು ವಾರಕ್ಕೆ ಸತ್ತ. ಅವನಿಗೆ ಕಾಯಿಲೆಯೇ ಇರಲಿಲ್ಲ ಎಂದಿತು ಕಂಪನಿ. ಪರಿಹಾರ ಸಿಗಬೇಕಾದರೆ ನಮ್ಮ ಕೈಯಲ್ಲಿದ್ದ ಸಾಕ್ಷಿ ಆ ಕೆಮ್ಮೊಂದೇ.

ವಿಚಾರಣೆಯ ದಿನ ಹನ್ನೆರಡೂವರೆಗೆ ಮೇಸ್ತ್ರಿಯ ಹೆಂಡತಿಯೊಂದಿಗೆ ಕೋಣೆಗೆ ಹೋದೆ. ಮೂರಕ್ಕೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿರಬೇಕು. ಕಿವಿಯಕ್ಕ ಫೈಲು ಹಾಕಿದಳು. ಮೇಸ್ತ್ರಿ ರೇಡಿಯೊದವನ ಹಾಗೆ ಸರಾಗವಾಗಿ ಮಾತಾಡಿದ. ಒಂದು ಕೆಮ್ಮಿಲ್ಲ. ನಲವತ್ತು ನಿಮಿಷ ಹತ್ತೊಂಬತ್ತಾಗಿತ್ತು.

“ಇದು ನಮ್ಮನೆಯವ್ರಲ್ಲ,” ಎಂದಳು ಹೆಂಡತಿ.

ಅಳಿಯ ಬಾಗಿಲಲ್ಲಿ ನಿಂತಿದ್ದ. “ನಿನ್ನೆ ನಾನೇ ಕ್ಲೀನ್ ಮಾಡ್ದೆ ಅಕ್ಕಾ. ಕೇಳೋಕೇ ಆಗ್ತಿರ್ಲಿಲ್ಲ. ಮೂಲ ಇದ್ದೇ ಇರುತ್ತಲ್ಲ?”

“ಯಾವ ಕಂಪ್ಯೂಟರಲ್ಲಿ?”

“ನಿಮ್ಮದ್ರಲ್ಲೇ.”

“ಸೇವ್ ಒತ್ತಿದ್ಯಾ?”

“ಒತ್ತಿದೆ,” ಎಂದ. ಅವಳು ಹಸಿ ಫೋಲ್ಡರ್ ತೆರೆದು ತೋರಿಸಿದಳು. ಖಾಲಿ. ಜಾಗ ತಿನ್ನುತ್ತದೆಂದು ಮಾಲೀಕ ಹಿಂದಿನ ವಾರ ಎಲ್ಲ ಅಳಿಸಿ ಹಾಕಿಸಿದ್ದ. ನಾನು ಅಳಿಯನ ಕೊರಳಪಟ್ಟಿಗೆ ಕೈ ಹಾಕಿದೆ.

“ಅವನನ್ನ ಅಲ್ಲಾಡಿಸಿದ್ರೆ ಕೆಮ್ಮು ಉದುರುತ್ತಾ ಅಣ್ಣಾ? ದಾರಿ ಬಿಡಿ.” ಕಿವಿಯಕ್ಕ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಎಲ್ಲಿಗೆ ಎಂದು ಹೇಳಲಿಲ್ಲ.

ಮೂರಕ್ಕೆ ನಮ್ಮ ಹೆಸರು ಕೂಗಿದರು. ಅವಳಿಲ್ಲ. ಮೂರೂ ಹತ್ತು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. ಆಗ ಏದುಸಿರು ಬಿಡುತ್ತ ಬಂದವಳ ಮುಷ್ಟಿಯಲ್ಲಿ ಒಂದು ಪೆನ್‌ಡ್ರೈವ್ ಇತ್ತು.

ಕೆಮ್ಮು ಕಚೇರಿಯನ್ನು ತುಂಬಿತು. ಆರನೇ ನಿಮಿಷಕ್ಕೆ ಅಧಿಕಾರಿ “ಸಾಕು” ಎಂದ. “ನಲವತ್ತೂ ಕೇಳಿ ಸ್ವಾಮಿ, ನಾನು ಎರಡು ವರ್ಷ ಕೇಳಿದೀನಿ,” ಎಂದಳು ಹೆಂಡತಿ. ಕೇಳಿದ.

ಕಂಪನಿಯ ವಕೀಲ ಎದ್ದ. “ಈ ನಕಲು ಎಲ್ಲಿತ್ತು?”

ಸುಳ್ಳು ಹೇಳಿದ್ದರೆ ಕೆಲಸ ಉಳಿಯುತ್ತಿತ್ತು, ಸಾಕ್ಷಿ ಬೀಳುತ್ತಿತ್ತು. ಅವಳು ಹೇಳಿದ್ದು ಇಷ್ಟು: “ನಮ್ಮನೆ ಬೀರುವಲ್ಲಿ. ಅಳಿಸೋಕೆ ಹೇಳಿದ ದಿನವೇ ಒಂದು ಪ್ರತಿ ತಗೊಂಡು ಹೋಗಿದ್ದೆ. ಮಾಲೀಕರಿಗೆ ಗೊತ್ತಿಲ್ಲ.”

ಮೇಸ್ತ್ರಿಯ ಹೆಂಡತಿಗೆ ಪರಿಹಾರದ ಆದೇಶವಾಯಿತು. ಕಿವಿಯಕ್ಕನಿಗೆ ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಮುಚ್ಚಿತು.

“ಹೊಸದು ಕೆಟ್ಟದ್ದಲ್ಲಣ್ಣ,” ಎಂದಳು ಮೊನ್ನೆ. “ಆ ಹುಡುಗ ಅದರ ಅಭ್ಯಾಸ ತಂದು ನನ್ನ ಹಳೇದ್ರ ಮೇಲೆ ಹಾಕಿದ, ಅಷ್ಟೇ.”

ಇದನ್ನು ಓದುತ್ತಿರುವ ಊರಿನವರೇ, ನೀವೋ ನಿಮ್ಮ ಮನೆಯವರೋ ನೆಂಟರೋ, ಒಮ್ಮೆಯಾದರೂ ಆ ಕಂಬಳಿ ಗೋಡೆಯ ನಡುವೆ ಕೂತವರೇ. ಸೋಮವಾರ ಹತ್ತಕ್ಕೆ ಅಂಗಡಿ ತೆರೆಯುತ್ತದೆ. ಬಂದು ಮಾಲೀಕನನ್ನು ಕೇಳಿ, ಅವಳ ಎರಡು ತಿಂಗಳ ಸಂಬಳ ಎಲ್ಲಿ ಎಂದು. ಕೊಡುವ ತನಕ ಮೆಟ್ಟಿಲು ಬಿಟ್ಟು ಏಳಬೇಡಿ. ಬರುತ್ತೀರೋ, ಇಲ್ಲವೋ?